ನೆರಳು ಗಡಿಯಾರಕ್ಕೆ ಸೂರ್ಯನ ಲೆಕ್ಕ: ಪದೇ ಪದೇ ಕೇಳುವ ಪ್ರಶ್ನೆಗಳು

ಶಾಲೆಯ ಅಂಗಳದಲ್ಲೋ ಮನೆಯ ತಾರಸಿಯ ಮೇಲೋ ನೆರಳು ಗಡಿಯಾರ ಮಾಡಹೊರಟವರು ಇಷ್ಟು ವರ್ಷಗಳಲ್ಲಿ ನನ್ನನ್ನು ಕೇಳಿದ ಪ್ರಶ್ನೆಗಳು ಇವು. ಶಿಕ್ಷಕರ ತರಬೇತಿಗಳಲ್ಲಿ ಕೇಳಿಬಂದವು ಕೆಲವು, ಪತ್ರದಲ್ಲಿ ಬಂದವು ಕೆಲವು, ಕಲ್ಲು ಕೂರಿಸುವಾಗ ಮೇಸ್ತ್ರಿಗಳೇ ಎತ್ತಿದವು ಇನ್ನು ಕೆಲವು. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಉದಾಹರಣೆಗಳು ಹೆಚ್ಚಾಗಿ ಬೆಂಗಳೂರಿನವು. ಸೈನ್, ಕಾಸ್, ಟ್ಯಾನ್ ಇರುವ ಕ್ಯಾಲ್ಕುಲೇಟರ್ ಒಂದಿದ್ದರೆ ಎಲ್ಲವನ್ನೂ ನೀವೇ ತಾಳೆ ನೋಡಬಹುದು.

## ಮೊದಲ ಪ್ರಶ್ನೆಗಳು

ಕೋಲು ನೆಟ್ಟು ಗಂಟೆಗೊಂದು ಗುರುತು ಹಾಕಿದರೆ ಆಯಿತಲ್ಲ, ಲೆಕ್ಕ ಯಾಕೆ ಬೇಕು?

ಆ ದಿನಕ್ಕೆ ಆಯಿತು, ಆ ವಾರಕ್ಕೂ ಆದೀತು. ತಿಂಗಳು ಕಳೆದರೆ ಕೆಡುತ್ತದೆ. ನೆಟ್ಟಗೆ ನಿಂತ ಕೋಲಿನ ನೆರಳು ಹೊತ್ತಿನ ಜೊತೆಗೆ ಋತುವನ್ನೂ ಹಿಂಬಾಲಿಸುತ್ತದೆ. ಬೆಂಗಳೂರಿನಲ್ಲಿ ಸೌರ ಹೊತ್ತು, ಅಂದರೆ ಕೈಗಡಿಯಾರದ್ದಲ್ಲದೆ ಸೂರ್ಯನ ನಡಿಗೆಯಿಂದಲೇ ಎಣಿಸಿದ ಹೊತ್ತು, ಬೆಳಗಿನ ಒಂಬತ್ತಾದಾಗ, ಡಿಸೆಂಬರ್ ಕೊನೆಯಲ್ಲಿ ಅದರ ನೆರಳು ವಾಯವ್ಯದ ಕಡೆ ಬೀಳುತ್ತದೆ. ಅದೇ ಒಂಬತ್ತಕ್ಕೆ ಜೂನ್ ಕೊನೆಯಲ್ಲಿ ಪಶ್ಚಿಮವನ್ನೂ ದಾಟಿ ನೈರುತ್ಯದತ್ತ ವಾಲಿರುತ್ತದೆ. ಎರಡರ ನಡುವೆ ಸುಮಾರು 60 ಡಿಗ್ರಿ ಅಂತರ. ಇಂಥ ನೆರಳನ್ನು ನಂಬಿ ಗುರುತು ಹಾಕಿದರೆ ಒಂಬತ್ತಕ್ಕೇ ಹತ್ತಾರು ಗುರುತುಗಳು ಬೇಕಾಗುತ್ತವೆ.

ಕೋಲನ್ನು ಭೂಮಿಯ ಅಕ್ಷಕ್ಕೆ ಸಮಾನಾಂತರವಾಗಿ ಓರೆ ಮಾಡಿ ನೆಟ್ಟರೆ ಈ ತೊಂದರೆಯೇ ಇಲ್ಲ. ಆಗ ಒಂದು ಹೊತ್ತಿಗೆ ನೆರಳು ಬೀಳುವ ಗೆರೆ ವರ್ಷವಿಡೀ ಒಂದೇ ಆಗಿರುತ್ತದೆ. ಋತು ಬದಲಾದಂತೆ ನೆರಳಿನ ಉದ್ದ ಬದಲಾಗುತ್ತದೆಯೇ ಹೊರತು ಗೆರೆ ಕದಲುವುದಿಲ್ಲ.

ಹಾಗಾದರೆ ಎಷ್ಟು ಓರೆ?

ನಿಮ್ಮ ಊರಿನ ಅಕ್ಷಾಂಶ ಎಷ್ಟೋ ಅಷ್ಟು. ಕೋಲಿನ ತುದಿ ಉತ್ತರಕ್ಕೆ ಮುಖ ಮಾಡಿರಬೇಕು, ನೆಲದಿಂದ ಅಷ್ಟು ಡಿಗ್ರಿ ಎದ್ದಿರಬೇಕು. ಮೈಸೂರಿಗೆ 12.3, ಬೆಂಗಳೂರಿಗೆ 12.97, ಧಾರವಾಡಕ್ಕೆ 15.46, ಕಲಬುರಗಿಗೆ 17.33, ಬೀದರಿಗೆ 17.91. ಸರಿಯಾಗಿ ನೆಟ್ಟ ಕೋಲಿನ ಜಾಡಿನಲ್ಲೇ ರಾತ್ರಿ ಕಣ್ಣು ಹಾಯಿಸಿದರೆ ಧ್ರುವ ನಕ್ಷತ್ರ ಕಾಣಬೇಕು. ಬೆಂಗಳೂರಿನಲ್ಲಿ ಅದು ಬಾನಂಚಿನಿಂದ ಹದಿಮೂರು ಡಿಗ್ರಿ ಮಾತ್ರ ಮೇಲಿರುವುದರಿಂದ ಎದುರುಮನೆಯ ನೀರಿನ ಟ್ಯಾಂಕೇ ಅದನ್ನು ಮುಚ್ಚಿಬಿಡುತ್ತದೆ.

ನಮ್ಮ ಶಾಲೆಯ ಗಡಿಯಾರ ಕೈಗಡಿಯಾರಕ್ಕಿಂತ ಇಪ್ಪತ್ತು ನಿಮಿಷ ಹಿಂದಿದೆ. ಎಲ್ಲಿ ತಪ್ಪಿದೆವು?

ಬಹುಶಃ ಎಲ್ಲೂ ತಪ್ಪಿಲ್ಲ. ಕೈಗಡಿಯಾರ ತೋರಿಸುವುದು 82.5 ಡಿಗ್ರಿ ಪೂರ್ವ ರೇಖಾಂಶದ ಸಮಯ. 1906ರಿಂದ ಭಾರತೀಯ ಸಮಯಕ್ಕೆ ಅಳತೆಗೋಲಾಗಿರುವ ಈ ರೇಖೆ ಉತ್ತರ ಪ್ರದೇಶದ ಮಿರ್ಜಾಪುರದ ಬಳಿ ಹಾದುಹೋಗುತ್ತದೆ. ನೆರಳು ಗಡಿಯಾರ ತೋರಿಸುವುದು ನಿಮ್ಮ ಅಂಗಳದ ಸಮಯ. ಭೂಮಿ ಒಂದು ಡಿಗ್ರಿ ತಿರುಗಲು ನಾಲ್ಕು ನಿಮಿಷ ಬೇಕು. ಬೆಂಗಳೂರು 77.59 ಡಿಗ್ರಿಯಲ್ಲಿದೆ. ವ್ಯತ್ಯಾಸ 4.91 ಡಿಗ್ರಿ, ಅಂದರೆ 19.6 ನಿಮಿಷ. ಮಿರ್ಜಾಪುರದ ನೆತ್ತಿಯ ಸಾಲಿಗೆ ಬಂದ ಸೂರ್ಯ ನಿಮ್ಮ ನೆತ್ತಿಯ ಸಾಲಿಗೆ ಬರಲು ಅಷ್ಟು ಹೊತ್ತು ಬೇಕು.

ಪಶ್ಚಿಮಕ್ಕೆ ಹೋದಷ್ಟೂ ಇದು ಹೆಚ್ಚುತ್ತದೆ. ಮೈಸೂರಿಗೆ 23 ನಿಮಿಷ, ಧಾರವಾಡಕ್ಕೆ 30, ಬೆಳಗಾವಿಗೆ 32, ಕಾರವಾರಕ್ಕೆ 33ಕ್ಕೂ ತುಸು ಹೆಚ್ಚು. ಕಾರವಾರದವರ ಮಟ್ಟ ಮಧ್ಯಾಹ್ನ ಸರಾಸರಿ ಲೆಕ್ಕದಲ್ಲಿ ಕೈಗಡಿಯಾರದ ಹನ್ನೆರಡೂವರೆಯ ಆಚೆಗೆ ಸರಿದಿರುತ್ತದೆ.

ನವೆಂಬರಿನಲ್ಲಿ ಸರಿಯಾಗಿಯೇ ಇತ್ತು, ಫೆಬ್ರವರಿಗೆ ಅರ್ಧ ಗಂಟೆ ಹಿಂದೆ ಬಿದ್ದಿದೆ. ಕೋಲು ಅಲುಗಿದೆಯೇ?

ಕೋಲು ಅಲುಗಿಲ್ಲ, ಸೂರ್ಯನೇ ಒಂದೇ ವೇಗದಲ್ಲಿ ನಡೆಯುವುದಿಲ್ಲ. ಇದಕ್ಕೆ ಕಾರಣ ಎರಡು. ಭೂಮಿಯ ಕಕ್ಷೆ ದೀರ್ಘವೃತ್ತ. ಜನವರಿ ಮೊದಲ ವಾರದಲ್ಲಿ ಸೂರ್ಯನಿಗೆ ಅತಿ ಹತ್ತಿರವಿರುವ ಭೂಮಿ ಆಗ ಬೇಗ ಓಡುತ್ತದೆ, ಜುಲೈಯಲ್ಲಿ ನಿಧಾನಿಸುತ್ತದೆ. ಜೊತೆಗೆ ಭೂಮಿಯ ಅಕ್ಷ 23.44 ಡಿಗ್ರಿ ವಾಲಿದೆ. ಹೀಗಾಗಿ ಸೂರ್ಯನ ವಾರ್ಷಿಕ ನಡಿಗೆಯಲ್ಲಿ ಪೂರ್ವಕ್ಕೆ ಸೇರುವ ಪಾಲು ಎಲ್ಲ ಋತುವಿನಲ್ಲೂ ಒಂದೇ ಇರುವುದಿಲ್ಲ. ಎರಡೂ ಸೇರಿ ಉಂಟಾಗುವ ವ್ಯತ್ಯಾಸಕ್ಕೆ ಕಾಲ ಸಮೀಕರಣ ಎಂದು ಹೆಸರು.

ವರ್ಷಕ್ಕೆ ನಾಲ್ಕು ಸಲ, ಏಪ್ರಿಲ್ 15, ಜೂನ್ 13, ಸೆಪ್ಟೆಂಬರ್ 1 ಮತ್ತು ಡಿಸೆಂಬರ್ 25ರ ಆಸುಪಾಸಿನಲ್ಲಿ ಇದು ಸೊನ್ನೆಯಾಗುತ್ತದೆ. ನವೆಂಬರ್ 3ರ ಹೊತ್ತಿಗೆ ಸೂರ್ಯ 16 ನಿಮಿಷಕ್ಕಿಂತ ಹೆಚ್ಚು ಮುಂದಿರುತ್ತಾನೆ, ಫೆಬ್ರವರಿ 11ರ ಹೊತ್ತಿಗೆ 14 ನಿಮಿಷ ಹಿಂದಿರುತ್ತಾನೆ. ಮೇ ನಡುವಿನಲ್ಲಿ ಮೂರೂವರೆ ನಿಮಿಷ ಮುಂದೆ, ಜುಲೈ ಕೊನೆಗೆ ಆರೂವರೆ ನಿಮಿಷ ಹಿಂದೆ. ಬೆಂಗಳೂರಿನಲ್ಲಿ ಇದನ್ನು 19.6 ನಿಮಿಷದೊಂದಿಗೆ ಕೂಡಿ ಕಳೆದರೆ ನವೆಂಬರ್ ಮೊದಲಲ್ಲಿ ಮಟ್ಟ ಮಧ್ಯಾಹ್ನ 12 ಗಂಟೆ 3 ನಿಮಿಷಕ್ಕೆ ಬರುತ್ತದೆ, ಫೆಬ್ರವರಿ ನಡುವಿನಲ್ಲಿ 12 ಗಂಟೆ 34 ನಿಮಿಷಕ್ಕೆ. ನವೆಂಬರಿನಲ್ಲಿ ನಿಮ್ಮ ಗಡಿಯಾರ ಸರಿಯಿತ್ತು ಎನ್ನುವುದೇ ಕಾಕತಾಳೀಯ.

## ಸೂರ್ಯ ಎಲ್ಲಿದ್ದಾನೆ

ಸೂರ್ಯನ ಜಾಗ ಹೇಳಲು ಎಷ್ಟು ಅಂಕಿಗಳು ಬೇಕು?

ಎರಡು. ವಿಷುವದ್ವೃತ್ತದಿಂದ ಅಂದು ಅವನು ಎಷ್ಟು ಉತ್ತರಕ್ಕೋ ದಕ್ಷಿಣಕ್ಕೋ ಇದ್ದಾನೆ ಎಂಬುದು ಕ್ರಾಂತಿ. ಜೂನ್ 21ರ ಆಸುಪಾಸು ಇದು +23.44, ಡಿಸೆಂಬರ್ 21–22ಕ್ಕೆ −23.44. ನಿಮ್ಮ ನೆತ್ತಿಯ ಉತ್ತರ–ದಕ್ಷಿಣ ಗೆರೆಯಿಂದ ಆ ಗಳಿಗೆಯಲ್ಲಿ ಅವನು ಎಷ್ಟು ದೂರ ತಿರುಗಿದ್ದಾನೆ ಎಂಬುದು ಹೊತ್ತಿನ ಕೋನ. ಸೌರ ಮಧ್ಯಾಹ್ನಕ್ಕೆ ಇದು ಸೊನ್ನೆ, ಆಮೇಲೆ ಗಂಟೆಗೆ 15 ಡಿಗ್ರಿ ಏರುತ್ತದೆ, ಬೆಳಿಗ್ಗೆ ಋಣ.

ಅಕ್ಷಕ್ಕೆ ಸಮಾನಾಂತರವಾದ ಕೋಲಿನ ಗಡಿಯಾರದಲ್ಲಿ ಗಂಟೆಯ ಗೆರೆ ಎಳೆಯಲು ಕ್ರಾಂತಿಯ ಅಗತ್ಯವೇ ಇಲ್ಲ, ಹೊತ್ತಿನ ಕೋನ ಸಾಕು. ತರಬೇತಿಗಳಲ್ಲಿ ಇದನ್ನು ಹೇಳಿದಾಗ ಅರ್ಧ ಜನರ ಮುಖದ ಬಿಗುವು ಸಡಿಲವಾಗುತ್ತದೆ. ಕ್ರಾಂತಿ ಬೇಕಾಗುವುದು ತಿಂಗಳ ಗೆರೆಗಳಿಗೆ, ಮನುಷ್ಯನೇ ಕೋಲಾಗಿ ನಿಲ್ಲುವ ಗಡಿಯಾರಕ್ಕೆ, ಮತ್ತು ಸೂರ್ಯ ಎಷ್ಟು ಎತ್ತರದಲ್ಲಿದ್ದಾನೆ ಎಂದು ತಿಳಿಯಬೇಕಾದಾಗ.

ಪಠ್ಯದ ಸೂತ್ರದಿಂದ ಸೆಪ್ಟೆಂಬರ್ 23ಕ್ಕೆ ಕ್ರಾಂತಿ ಮೈನಸ್ ಒಂದು ಬರುತ್ತದೆ. ಅಂದು ಹಗಲು ರಾತ್ರಿ ಸಮ, ಸೊನ್ನೆ ಬರಬೇಕಲ್ಲವೇ?

ಸೊನ್ನೆಯೇ ಬರಬೇಕು. ನೀವು ಬಳಸಿದ್ದು ಇದನ್ನು:

ದಿನಕೋನ = (ದಿನದ ಸಂಖ್ಯೆ − 81) × 360 ÷ 365
ಕ್ರಾಂತಿ = 23.45 × ಸೈನ್(ದಿನಕೋನ)

ಇಲ್ಲಿ ಜನವರಿ 1ರ ಸಂಖ್ಯೆ 1. ಈ ಸೂತ್ರ ಭೂಮಿಯ ಕಕ್ಷೆಯನ್ನು ಶುದ್ಧ ವೃತ್ತವೆಂದು ಎಣಿಸಿ ವರ್ಷವನ್ನು ಎರಡು ಸಮಭಾಗ ಮಾಡುತ್ತದೆ. ನಿಜದಲ್ಲಿ ಮಾರ್ಚ್ ವಿಷುವದಿಂದ ಸೆಪ್ಟೆಂಬರ್ ವಿಷುವಕ್ಕೆ 186 ದಿನ, ಉಳಿದರ್ಧಕ್ಕೆ 179. ಆದ್ದರಿಂದಲೇ ಸೆಪ್ಟೆಂಬರ್, ಅಕ್ಟೋಬರ್‌ಗಳಲ್ಲಿ ಸೂತ್ರ ಒಂದು ಡಿಗ್ರಿಯಷ್ಟು ಎಡವುತ್ತದೆ. ಕಾಲು ಡಿಗ್ರಿಯೊಳಗಿನ ಉತ್ತರ ಬೇಕಿದ್ದರೆ ಇದನ್ನು ಬಳಸಿ:

ಸೈನ್(ಕ್ರಾಂತಿ) = −0.3978 × ಕಾಸ್[0.9856 × (ದಿನ + 10) + 1.914 × ಸೈನ್(0.9856 × (ದಿನ − 2))]

ಕೋನಗಳೆಲ್ಲ ಡಿಗ್ರಿಯಲ್ಲಿ. 1.914 ಇರುವ ತುಣುಕೇ ದೀರ್ಘವೃತ್ತದ ಋಣ ತೀರಿಸುವುದು. ಸೆಪ್ಟೆಂಬರ್ 23ಕ್ಕೆ ದಿನ 266. ಹಾಕಿ ನೋಡಿ, ಉತ್ತರ ಸೊನ್ನೆಗೆ ತಾಗಿಕೊಂಡೇ ಬರುತ್ತದೆ.

ಕಾಲ ಸಮೀಕರಣಕ್ಕೆ ಮಾತ್ರ ಮೊದಲಿನ ದಿನಕೋನವೇ ಸಾಕು:

ನಿಮಿಷಗಳು = 9.87 × ಸೈನ್(2 × ದಿನಕೋನ) − 7.53 × ಕಾಸ್(ದಿನಕೋನ) − 1.5 × ಸೈನ್(ದಿನಕೋನ)

ಧನ ಬಂದರೆ ಸೂರ್ಯ ಮುಂದಿದ್ದಾನೆ ಎಂದರ್ಥ. ತಪ್ಪು ಒಂದು ನಿಮಿಷದೊಳಗೇ ಇರುತ್ತದೆ.

ಒಂದು ಲೆಕ್ಕವನ್ನು ಮೊದಲಿಂದ ಕೊನೆಯವರೆಗೆ ಮಾಡಿ ತೋರಿಸುತ್ತೀರಾ?

ಧಾರವಾಡ, ನವೆಂಬರ್ 10, ಕೈಗಡಿಯಾರದಲ್ಲಿ ಬೆಳಿಗ್ಗೆ 9 ಗಂಟೆ 30 ನಿಮಿಷ. ದಿನದ ಸಂಖ್ಯೆ 314.

ಮೊದಲು ಸೌರ ಹೊತ್ತು. ಧಾರವಾಡದ ರೇಖಾಂಶ 75.01. 82.5ರಿಂದ ಕಳೆದು ನಾಲ್ಕರಿಂದ ಗುಣಿಸಿದರೆ 30 ನಿಮಿಷ. ಇದನ್ನು ಕಳೆಯಬೇಕು. ಕಾಲ ಸಮೀಕರಣ ಸೂತ್ರದಿಂದ 15.7 ಬರುತ್ತದೆ, 16 ಎಂದಿಟ್ಟುಕೊಳ್ಳೋಣ. ಇದನ್ನು ಕೂಡಬೇಕು. 9:30ರಿಂದ 30 ಕಳೆದು 16 ಕೂಡಿದರೆ 9:16. ಮಧ್ಯಾಹ್ನಕ್ಕೆ ಇನ್ನೂ 164 ನಿಮಿಷ ಬಾಕಿ. ನಾಲ್ಕರಿಂದ ಭಾಗಿಸಿದರೆ ಹೊತ್ತಿನ ಕೋನ −41 ಡಿಗ್ರಿ. ಕ್ರಾಂತಿ ಎರಡನೇ ಸೂತ್ರದಿಂದ −17.1.

ಇನ್ನು ಉನ್ನತಿ, ಅಂದರೆ ಬಾನಂಚಿನಿಂದ ಸೂರ್ಯನ ಎತ್ತರ:

ಸೈನ್(ಉನ್ನತಿ) = ಸೈನ್(ಅಕ್ಷಾಂಶ) × ಸೈನ್(ಕ್ರಾಂತಿ) + ಕಾಸ್(ಅಕ್ಷಾಂಶ) × ಕಾಸ್(ಕ್ರಾಂತಿ) × ಕಾಸ್(ಹೊತ್ತಿನ ಕೋನ)

ಮೊದಲ ಗುಣಲಬ್ಧ −0.0784, ಎರಡನೆಯದು 0.6952. ಮೊತ್ತ 0.6168, ಉನ್ನತಿ 38.1 ಡಿಗ್ರಿ. ಕೊನೆಗೆ ದಿಗಂಶ, ಉತ್ತರದಿಂದ ಪೂರ್ವದ ಮೂಲಕ ಅಳೆಯುವ ದಿಕ್ಕು:

ಕಾಸ್(ದಿಗಂಶ) = [ಸೈನ್(ಕ್ರಾಂತಿ) − ಸೈನ್(ಅಕ್ಷಾಂಶ) × ಸೈನ್(ಉನ್ನತಿ)] ÷ [ಕಾಸ್(ಅಕ್ಷಾಂಶ) × ಕಾಸ್(ಉನ್ನತಿ)]

ಇದು −0.604, ಅಂದರೆ 127 ಡಿಗ್ರಿ. ಸೂರ್ಯ ಆಗ್ನೇಯದಲ್ಲಿದ್ದಾನೆ, ನೆರಳು ವಾಯವ್ಯಕ್ಕೆ. ಹತ್ತು ಸೆಂ.ಮೀ. ಪೆನ್ಸಿಲನ್ನು ನೆಟ್ಟಗೆ ನಿಲ್ಲಿಸಿದರೆ 12.8 ಸೆಂ.ಮೀ. ನೆರಳು ಬೀಳಬೇಕು. ಧಾರವಾಡದವರು ಆ ದಿನ ಅಳೆದು ನೋಡಲಿ.

ಮೇ ತಿಂಗಳಲ್ಲಿ ನನ್ನ ಪ್ರೋಗ್ರಾಂ ಮಧ್ಯಾಹ್ನದ ಸೂರ್ಯನನ್ನು ದಕ್ಷಿಣದಲ್ಲಿ ತೋರಿಸುತ್ತದೆ, ನೆರಳೂ ದಕ್ಷಿಣಕ್ಕೇ ಬೀಳುತ್ತಿದೆ. ಇದು ಹೇಗೆ?

ನೆರಳನ್ನು ನಂಬಿ. ಪ್ರೋಗ್ರಾಂ ದಿಗಂಶವನ್ನು ಸೈನ್ ಸೂತ್ರದಿಂದ ತೆಗೆಯುತ್ತಿರಬೇಕು. ಸೈನ್‌ಗೆ ಉತ್ತರದ ಸೂರ್ಯನೂ ದಕ್ಷಿಣದ ಸೂರ್ಯನೂ ಒಂದೇ. ಯುರೋಪಿನ ಪುಸ್ತಕಗಳಿಗೆ ಇದು ತೊಡಕಲ್ಲ, ಅಲ್ಲಿ ಮಧ್ಯಾಹ್ನದ ಸೂರ್ಯ ಯಾವತ್ತೂ ದಕ್ಷಿಣಕ್ಕೇ ಇರುತ್ತಾನೆ. ಕರ್ನಾಟಕ ಪೂರ್ತಿಯಾಗಿ ಕರ್ಕಾಟಕ ಸಂಕ್ರಾಂತಿ ವೃತ್ತದ ದಕ್ಷಿಣಕ್ಕಿದೆ. ಕ್ರಾಂತಿ ಅಕ್ಷಾಂಶಕ್ಕೆ ಸಮನಾದ ದಿನ ಸೂರ್ಯ ನೆತ್ತಿಯ ಮೇಲೇ ಬರುತ್ತಾನೆ. ಬೆಂಗಳೂರಿನಲ್ಲಿ ಅದು ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸು. ಶೂನ್ಯ ನೆರಳಿನ ದಿನ ಎಂದು ಮಕ್ಕಳು ಕೊಳವೆ, ಲೋಟಗಳನ್ನು ನಿಲ್ಲಿಸಿ ನೋಡುವುದು ಇದನ್ನೇ. ಈ ಎರಡು ದಿನಗಳ ನಡುವಣ 116 ದಿನ ನಮ್ಮ ಮಧ್ಯಾಹ್ನದ ಸೂರ್ಯ ಉತ್ತರಕ್ಕಿರುತ್ತಾನೆ. ಮೇಲೆ ಕೊಟ್ಟ ಕಾಸ್ ಸೂತ್ರ ಬಳಸಿ. ಮಧ್ಯಾಹ್ನದ ಮೇಲೆ ಬಂದ ಉತ್ತರವನ್ನು 360ರಿಂದ ಕಳೆಯಲು ಮರೆಯದಿರಿ.

## ಯಾವ ಆಕಾರ

ನೆಲಮಟ್ಟದ ಗಡಿಯಾರದಲ್ಲಿ ಹತ್ತರಿಂದ ಎರಡರವರೆಗಿನ ಗೆರೆಗಳೆಲ್ಲ ಒಂದರ ಮೇಲೊಂದು ಬಿದ್ದಂತೆ ಬರುತ್ತಿವೆ. ಸೂತ್ರ ತಪ್ಪೇ?

ಸೂತ್ರ ಇದು:

ಟ್ಯಾನ್(ಗೆರೆಯ ಕೋನ) = ಸೈನ್(ಅಕ್ಷಾಂಶ) × ಟ್ಯಾನ್(ಹೊತ್ತಿನ ಕೋನ)

ಬೆಂಗಳೂರಿಗೆ ಸೈನ್(ಅಕ್ಷಾಂಶ) ಬರೀ 0.2244. ಹನ್ನೆರಡರ ಗೆರೆಯಿಂದ ಒಂದರ ಗೆರೆ 3.4 ಡಿಗ್ರಿಯಲ್ಲಿ, ಎರಡರದು 7.4, ಮೂರರದು 12.6, ನಾಲ್ಕರದು 21.2, ಐದರದು 40. ಆರರದು ಒಮ್ಮೆಲೇ 90! ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಮೂರರವರೆಗಿನ ಆರು ಗಂಟೆಗಳು 25 ಡಿಗ್ರಿಯ ಒಂದು ಸೀಳಿನಲ್ಲಿ ಉಸಿರು ಕಟ್ಟಿ ಕೂತಿರುತ್ತವೆ, ಸಂಜೆ ಐದರಿಂದ ಆರರ ಒಂದು ಗಂಟೆ 50 ಡಿಗ್ರಿ ಕಾಲು ಚಾಚಿರುತ್ತದೆ. ಲಂಡನ್ನಿನಲ್ಲಿ ಹನ್ನೆರಡಕ್ಕೂ ಒಂದಕ್ಕೂ ನಡುವೆಯೇ ಹನ್ನೆರಡು ಡಿಗ್ರಿ ಸಿಗುತ್ತದೆ. ನಿಮ್ಮದು ತಪ್ಪಲ್ಲ, ಆ ಆಕಾರ ನಮ್ಮ ಅಕ್ಷಾಂಶದ್ದಲ್ಲ, ಅಷ್ಟೇ.

ನನ್ನ ಮೊದಲ ಗಡಿಯಾರಕ್ಕೆ ಒಂದು ವಿದೇಶಿ ಪುಸ್ತಕದ ಗೆರೆಗಳನ್ನೇ ಇಳಿಸಿ, ಕೋಲನ್ನು ಮಾತ್ರ ಬೆಂಗಳೂರಿನ ಓರೆಗೆ ಬಗ್ಗಿಸಿದ್ದೆ. ಸೌರ ಹೊತ್ತು ಒಂಬತ್ತು ದಾಟುತ್ತಿದ್ದಂತೆ ಅದು ಹನ್ನೊಂದು ತೋರಿಸಿತು. ಕಲ್ಲಿನಲ್ಲಿ ಕೊರೆಸಿಯಾಗಿತ್ತು. ಆ ಕಡಪ ಕಲ್ಲು ಈಗ ಮನೆಯ ಹಿತ್ತಿಲಲ್ಲಿ ಬಟ್ಟೆ ಒಗೆಯಲು ಇದೆ.

ಹಾಗಾದರೆ ಕರ್ನಾಟಕಕ್ಕೆ ಯಾವುದು ಒಪ್ಪುತ್ತದೆ?

ನನ್ನ ಮೊದಲ ಆಯ್ಕೆ ವಿಷುವದ್ವೃತ್ತಕ್ಕೆ ಸಮಾನಾಂತರವಾದ ತಟ್ಟೆ. ಕೋಲು ಅಕ್ಷದ ಓರೆಯಲ್ಲಿರುತ್ತದೆ, ತಟ್ಟೆ ಅದಕ್ಕೆ ಲಂಬವಾಗಿರುತ್ತದೆ. ಗೆರೆಗಳೆಲ್ಲ ಸರಿಯಾಗಿ 15 ಡಿಗ್ರಿಗೊಂದು. ಕೋನಮಾಪಕವಿದ್ದರೆ ಲೆಕ್ಕವೇ ಬೇಡ. ತಟ್ಟೆ ನೆಲದಿಂದ 77 ಡಿಗ್ರಿ ಎದ್ದಿರುತ್ತದೆ, ಅದರ ಮೇಲಂಚು ದಕ್ಷಿಣಕ್ಕೆ ತುಸು ವಾಲಿರುತ್ತದೆ. ಮಾರ್ಚ್‌ನಿಂದ ಸೆಪ್ಟೆಂಬರ್‌ವರೆಗೆ ಉತ್ತರದ ಮುಖಕ್ಕೆ ಬಿಸಿಲು, ಉಳಿದರ್ಧ ವರ್ಷ ದಕ್ಷಿಣದ ಮುಖಕ್ಕೆ. ಆದ್ದರಿಂದ ಎರಡೂ ಮುಖಗಳಲ್ಲಿ ಅಂಕಿ ಬರೆಯಬೇಕು. ಉತ್ತರ ಮುಖದಲ್ಲಿ ಅಂಕಿಗಳು ಗಡಿಯಾರದಂತೆ ಬಲಸುತ್ತು, ದಕ್ಷಿಣ ಮುಖದಲ್ಲಿ ಎಡಸುತ್ತು, ಎರಡರಲ್ಲೂ ಹನ್ನೆರಡು ಕೆಳಗೆ. ವಿಷುವದ ಆಚೀಚೆ ಕೆಲವು ದಿನ ಬಿಸಿಲು ತಟ್ಟೆಯನ್ನು ಸವರಿಕೊಂಡು ಹೋಗುವುದರಿಂದ ನೆರಳು ಓದಲಾಗದು. ತಟ್ಟೆಯ ಬದಲು ಕೋಲಿನ ಸುತ್ತ ಅಗಲ ಪಟ್ಟಿಯ ಅರ್ಧ ಬಳೆಯನ್ನು ಕೂರಿಸಿದರೆ ಆ ತಕರಾರೂ ಇರದು.

ಎರಡನೆಯ ಆಯ್ಕೆ ಅಕ್ಷಕ್ಕೇ ಸಮಾನಾಂತರವಾದ ಹಲಗೆ. ನಮ್ಮಲ್ಲಿ ಅದು ಹೆಚ್ಚು ಕಡಿಮೆ ಮಲಗಿರುತ್ತದೆ, ಉತ್ತರದ ಅಂಚು ಮಾತ್ರ ಹದಿಮೂರು ಡಿಗ್ರಿ ಮೇಲೆ. ಹಲಗೆಯ ಮೇಲೆ ಹತ್ತು ಸೆಂ.ಮೀ. ಎತ್ತರದಲ್ಲಿ ಅದಕ್ಕೆ ಸಮಾನಾಂತರವಾಗಿ ಸರಳು ಕೂರಿಸಿದರೆ ಗಂಟೆಗಳು ಸಮಾನಾಂತರ ಗೆರೆಗಳಾಗುತ್ತವೆ. ನಡುಗೆರೆಯಿಂದ ದೂರ = ಎತ್ತರ × ಟ್ಯಾನ್(ಹೊತ್ತಿನ ಕೋನ), ಅಂದರೆ 2.7, 5.8, 10, 17.3, 37.3 ಸೆಂ.ಮೀ. ಆರು ಗಂಟೆಯ ಗೆರೆ ಯಾವತ್ತೂ ಸಿಗುವುದಿಲ್ಲ.

ಶಾಲೆಯ ದಕ್ಷಿಣದ ಗೋಡೆ ದೊಡ್ಡದಾಗಿ ಖಾಲಿ ಇದೆ. ಅಲ್ಲೇ ಬರೆಯಬಹುದೇ?

ಬರೆಯಬಹುದು, ಆದರೆ ಅರ್ಧ ವರ್ಷದ ಗಡಿಯಾರ ಅದು. ಏಪ್ರಿಲ್ 24ರಿಂದ ಆಗಸ್ಟ್ 18ರವರೆಗೆ ಬೆಂಗಳೂರಿನ ದಕ್ಷಿಣದ ಗೋಡೆಗೆ ಇಡೀ ದಿನ ನೇರ ಬಿಸಿಲೇ ಇಲ್ಲ. ಮಾರ್ಚ್ 21ರ ನಂತರ ಮತ್ತು ಸೆಪ್ಟೆಂಬರ್ 23ರ ಮೊದಲಿನ ವಾರಗಳಲ್ಲಿ ಬೆಳಿಗ್ಗೆ, ಸಂಜೆ ಇಲ್ಲ. ಸೂತ್ರದಲ್ಲಿ ಸೈನ್ ಬದಲು ಕಾಸ್ ಬರುತ್ತದೆ:

ಟ್ಯಾನ್(ಗೆರೆಯ ಕೋನ) = ಕಾಸ್(ಅಕ್ಷಾಂಶ) × ಟ್ಯಾನ್(ಹೊತ್ತಿನ ಕೋನ)

ಕಾಸ್ 12.97 ಅಂದರೆ 0.9745. ಹಾಗಾಗಿ ಗೆರೆಗಳು 15 ಡಿಗ್ರಿಯ ಸಮ ಅಂತರಕ್ಕೆ ತೀರಾ ಹತ್ತಿರ. ಗೋಡೆಯ ಬದಲು ಅಂಗಳದ ನಡುವೆ ಪೂರ್ವ–ಪಶ್ಚಿಮವಾಗಿ ಒಂದು ಚಪ್ಪಡಿ ನಿಲ್ಲಿಸಿ ಎರಡೂ ಬದಿಗೆ ಬರೆಯಿರಿ, ವರ್ಷ ಪೂರ್ತಿ ಓದಬಹುದು.

ಮಕ್ಕಳೇ ನಿಂತು ತಮ್ಮ ನೆರಳಿನಿಂದ ಹೊತ್ತು ನೋಡುವ ಗಡಿಯಾರ ಹೇಗೆ ಮಾಡುವುದು?

ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಇದು. ಇಲ್ಲಿ ಕೋಲು ನೆಟ್ಟಗಿರುತ್ತದೆ, ಆ ಕೋಲು ಮಗು. ಓರೆಯ ಬದಲು ನಿಲ್ಲುವ ಜಾಗವನ್ನೇ ತಾರೀಖಿಗೆ ತಕ್ಕಂತೆ ಸರಿಸುತ್ತೇವೆ. ಗಂಟೆಯ ಗುರುತುಗಳು ಒಂದು ದೀರ್ಘವೃತ್ತದ ಮೇಲೆ ಬರುತ್ತವೆ. ಅದರ ಪೂರ್ವ–ಪಶ್ಚಿಮದ ಅರ್ಧ ಅಗಲವನ್ನು ಎರಡು ಮೀಟರ್ ಎಂದಿಟ್ಟುಕೊಳ್ಳಿ. ಇದಕ್ಕಿಂತ ದೊಡ್ಡದು ಬೇಡ, ನಮ್ಮ ಬಿಸಿಲಿನಲ್ಲಿ ನೆರಳು ಗಿಡ್ಡ. ಕೇಂದ್ರದಿಂದ,

ಪೂರ್ವ–ಪಶ್ಚಿಮ ದೂರ = 2 × ಸೈನ್(ಹೊತ್ತಿನ ಕೋನ)
ಉತ್ತರಕ್ಕೆ ದೂರ = 2 × ಸೈನ್(ಅಕ್ಷಾಂಶ) × ಕಾಸ್(ಹೊತ್ತಿನ ಕೋನ)
ನಿಲ್ಲುವ ಜಾಗ, ಉತ್ತರಕ್ಕೆ = 2 × ಟ್ಯಾನ್(ಕ್ರಾಂತಿ) × ಕಾಸ್(ಅಕ್ಷಾಂಶ)

ಬೆಳಗಿನ ಗುರುತುಗಳು ಪಶ್ಚಿಮಕ್ಕೆ, ಸಂಜೆಯವು ಪೂರ್ವಕ್ಕೆ. ಬೆಂಗಳೂರಿನಲ್ಲಿ ಹನ್ನೆರಡರ ಗುರುತು ಕೇಂದ್ರದಿಂದ 45 ಸೆಂ.ಮೀ. ಉತ್ತರಕ್ಕೆ ಬರುತ್ತದೆ. ಡಿಸೆಂಬರಿನಲ್ಲಿ ಮಗು ಕೇಂದ್ರದಿಂದ 84 ಸೆಂ.ಮೀ. ದಕ್ಷಿಣಕ್ಕೆ ನಿಲ್ಲಬೇಕು, ಜೂನ್‌ನಲ್ಲಿ ಅಷ್ಟೇ ಉತ್ತರಕ್ಕೆ, ಅಂದರೆ ದೀರ್ಘವೃತ್ತದಿಂದ ಆಚೆ. ಇದನ್ನು ಕಂಡ ಶಿಕ್ಷಕರು ಲೆಕ್ಕ ತಪ್ಪಿತೆಂದು ಮತ್ತೆ ಮತ್ತೆ ಮಾಡುತ್ತಾರೆ. ತಪ್ಪಿಲ್ಲ. ಏಪ್ರಿಲ್ 24ರಂದು ನಿಲ್ಲುವ ಜಾಗ ಎಲ್ಲಿ ಬರುತ್ತದೆ ನೋಡಿ, ಸರಿಯಾಗಿ ಹನ್ನೆರಡರ ಗುರುತಿನ ಮೇಲೆ. ಅಂದು ಮಧ್ಯಾಹ್ನ ನೆರಳು ಕಾಲಡಿಯಲ್ಲೇ ಅಡಗಬೇಕಲ್ಲ!

## ಕೂರಿಸುವಾಗ

ಉತ್ತರ ದಿಕ್ಕಿಗೆ ಮೊಬೈಲಿನ ದಿಕ್ಸೂಚಿ ಸಾಕೇ?

ತಾರಸಿಯ ಮೇಲಂತೂ ಸಾಲದು. ಕಾಂಕ್ರೀಟಿನೊಳಗಿನ ಕಬ್ಬಿಣ ಸೂಜಿಯನ್ನು ಎತ್ತೆತ್ತಲೋ ಎಳೆಯುತ್ತದೆ. ಹಗ್ಗದ ತುದಿಗೆ ಗಾರೆಯವರ ತೂಕದ ಗುಂಡು ಕಟ್ಟಿ ಇಳಿಬಿಡಿ. ಮಟ್ಟ ಮಧ್ಯಾಹ್ನ ಯಾವ ಗಳಿಗೆಗೆ ಎಂದು ಮೊದಲೇ ಲೆಕ್ಕ ಹಾಕಿ, ಆ ಗಳಿಗೆಗೆ ಹಗ್ಗದ ನೆರಳಿನ ಮೇಲೆ ಸೀಮೆಸುಣ್ಣದ ಗೆರೆ ಎಳೆಯಿರಿ. ಅದೇ ಉತ್ತರ–ದಕ್ಷಿಣ. ಬೆಂಗಳೂರಿನಲ್ಲಿ ನವೆಂಬರ್ 10ಕ್ಕಾದರೆ 12 ಗಂಟೆ 3 ನಿಮಿಷ 40 ಸೆಕೆಂಡಿನ ಸುಮಾರಿಗೆ.

ಗಡಿಯಾರವೇ ಬೇಡವೆನ್ನುವವರಿಗೆ ನಮ್ಮ ಹಳೆಯ ಜ್ಯೋತಿಷ ಗ್ರಂಥಗಳ ಶಂಕುವಿನ ವಿಧಾನವಿದೆ. ಮಟ್ಟಸ ನೆಲದಲ್ಲಿ ವೃತ್ತ ಎಳೆದು ನಡುವೆ ಹನ್ನೆರಡು ಅಂಗುಲದ ಶಂಕು ನೆಡುವುದು. ಬೆಳಿಗ್ಗೆ ನೆರಳಿನ ತುದಿ ವೃತ್ತದ ಒಳಗೆ ಬರುವ ಜಾಗ, ಮಧ್ಯಾಹ್ನದ ಮೇಲೆ ಹೊರಗೆ ಹೋಗುವ ಜಾಗ, ಎರಡನ್ನೂ ಸೇರಿಸಿದ ಗೆರೆ ಪೂರ್ವ–ಪಶ್ಚಿಮ. ವಿಷುವದ ದಿನ ಅದೇ ಶಂಕುವಿನ ಮಧ್ಯಾಹ್ನದ ನೆರಳಿಗೆ ಪಲಭಾ ಎನ್ನುತ್ತಾರೆ. ಬೆಂಗಳೂರಿಗೆ ಅದು 2.76 ಅಂಗುಲ. ಅದನ್ನು ಹನ್ನೆರಡರಿಂದ ಭಾಗಿಸಿದರೆ ಅಕ್ಷಾಂಶದ ಟ್ಯಾನ್ ಕೈಗೆ ಸಿಕ್ಕಿತು.

ಎರಡೂ ವಿಧಾನಕ್ಕೆ ಡಿಸೆಂಬರ್ ಒಳ್ಳೆಯ ಕಾಲ. ನೆರಳು ಉದ್ದ, ಕ್ರಾಂತಿ ಬಹುತೇಕ ನಿಂತಿರುತ್ತದೆ. ಏಪ್ರಿಲ್ ಕೊನೆಯಲ್ಲಿ ಹೊರಟರೆ ಗೆರೆ ಎಳೆಯಲು ನೆರಳೇ ಇರದು. ದಿಕ್ಕು ಒಂದು ಡಿಗ್ರಿ ತಪ್ಪಿದರೆ ಡಿಸೆಂಬರ್ ಮಧ್ಯಾಹ್ನ ಎರಡೂವರೆ ನಿಮಿಷದಷ್ಟು ಎಡವಟ್ಟಾಗುತ್ತದೆ, ಜೂನ್ ಮಧ್ಯಾಹ್ನ ಒಂದು ನಿಮಿಷವೂ ಇಲ್ಲ. ಕಲ್ಲನ್ನು ರಸಮಟ್ಟ ಇಟ್ಟೇ ಕೂರಿಸಿ. ಕಣ್ಣಳತೆ ಬೇಡ.

ದೊಡ್ಡದಾಗಿ ಕಟ್ಟಿದಷ್ಟೂ ಸೆಕೆಂಡಿನವರೆಗೆ ನಿಖರವಾಗುತ್ತದೆಯೇ?

ಸೂರ್ಯ ಚುಕ್ಕಿಯಲ್ಲ, ಅರ್ಧ ಡಿಗ್ರಿ ಅಗಲದ ಬಿಲ್ಲೆ. ತನ್ನಷ್ಟೇ ಅಗಲ ಸರಿಯಲು ಅವನಿಗೆ ಎರಡು ನಿಮಿಷ ಬೇಕು. ಆದ್ದರಿಂದ ನೆರಳಿನ ಅಂಚು ಎರಡು ನಿಮಿಷದಷ್ಟು ಮಸುಕಾಗಿಯೇ ಇರುತ್ತದೆ. ಗಡಿಯಾರ ದೊಡ್ಡದಾದರೆ ಮಸುಕೂ ದೊಡ್ಡದಾಗುತ್ತದೆ. ಸವಾಯಿ ಜೈಸಿಂಗ್ ಜೈಪುರದಲ್ಲಿ ಕಟ್ಟಿಸಿದ ಸಾಮ್ರಾಟ ಯಂತ್ರ ಸುಮಾರು 27 ಮೀಟರ್ ಎತ್ತರದ್ದು, ಅದರಲ್ಲಿ ಎರಡು ಸೆಕೆಂಡಿನಷ್ಟು ಸಣ್ಣ ಗೆರೆಗಳಿವೆ. ಗೆರೆ ಕೊರೆಯುವುದು ಬೇರೆ, ಮಸುಕಿನ ನಡುವನ್ನು ಕಣ್ಣಿನಿಂದ ಹಿಡಿಯುವುದು ಬೇರೆ. ನೆರಳಿಗೆ ಅಡ್ಡವಾಗಿ ತೆಳುವಾದ ದಾರ ಹಿಡಿದು ಅದರ ನೆರಳು ಎಲ್ಲಿ ಮಾಯವಾಗುತ್ತದೆ ಎಂದು ನೋಡಿದರೆ ಮಸುಕನ್ನು ಸಾಕಷ್ಟು ಗೆಲ್ಲಬಹುದು. ಅಂಗಳದ ಗಡಿಯಾರಕ್ಕೆ ಒಂದೆರಡು ನಿಮಿಷದ ನಿಖರತೆ ಧಾರಾಳ.

ನೇರವಾಗಿ ಭಾರತೀಯ ಸಮಯವನ್ನೇ ತೋರಿಸುವಂತೆ ಮಾಡಬಹುದೇ?

ರೇಖಾಂಶದ ಪಾಲನ್ನು ಗೆರೆಗಳಲ್ಲೇ ಅಡಗಿಸಬಹುದು. ಪ್ರತಿ ಗಂಟೆಯ ಹೊತ್ತಿನ ಕೋನದಿಂದ ಬೆಂಗಳೂರಿಗೆ 4.91 ಡಿಗ್ರಿ ಕಳೆದು ಗೆರೆ ಎಳೆದರೆ ಆಯಿತು. ಬಳೆಯ ಗಡಿಯಾರದಲ್ಲಿ ಬಳೆಯನ್ನೇ ಅಷ್ಟು ತಿರುಗಿಸಿದರೆ ಸಾಕು. ಕಾಲ ಸಮೀಕರಣವನ್ನು ಪಕ್ಕದಲ್ಲಿ ತಿಂಗಳುವಾರು ಪಟ್ಟಿಯಾಗಿ ಕೊರೆಸಿ. ನಾನು ಮಾತ್ರ ಶಾಲೆಗಳಲ್ಲಿ ಎರಡನ್ನೂ ಅಡಗಿಸುವುದಿಲ್ಲ. ಇಪ್ಪತ್ತು ನಿಮಿಷ ಯಾಕೆ ಹಿಂದೆ ಎಂದು ಮಗು ಕೇಳಬೇಕಾದ ಪ್ರಶ್ನೆಯನ್ನು ನಾವೇ ಕಲ್ಲಿನೊಳಗೆ ಹೂತಂತಾಗುತ್ತದೆ.

## ಇನ್ನೂ ಮುಂದಕ್ಕೆ

ತಿಂಗಳ ಗೆರೆಗಳನ್ನೂ ಸೇರಿಸುವ ಆಸೆ. ಮಕರ ಸಂಕ್ರಾಂತಿಗೆ ಉತ್ತರಾಯಣದ ಗೆರೆ ಎಳೆದರೆ ಸರಿಯೇ?

ಉತ್ತರಾಯಣದ ಗೆರೆ ಡಿಸೆಂಬರ್ 21–22ರದ್ದು. ನೆರಳು ಅಂದೇ ಹಿಂದಿರುಗುತ್ತದೆ. ಪಂಚಾಂಗದ ಸಂಕ್ರಾಂತಿ ನಕ್ಷತ್ರಗಳನ್ನು ಆಧರಿಸಿದ ನಿರಯಣ ಲೆಕ್ಕ. ನಕ್ಷತ್ರಗಳ ಲೆಕ್ಕಕ್ಕೂ ಋತುಗಳ ಲೆಕ್ಕಕ್ಕೂ ನಡುವಿನ ಅಂತರ, ಅಂದರೆ ಅಯನಾಂಶ, ಈಗ ಸುಮಾರು 24 ಡಿಗ್ರಿಯಾಗಿರುವುದರಿಂದ ಅದು ಜನವರಿ 14–15ಕ್ಕೆ ಸರಿದಿದೆ. ಅಂದು ಕ್ರಾಂತಿ −21.3ರ ಹತ್ತಿರ. ಬೇಕಿದ್ದರೆ ಅದಕ್ಕೂ ಬೇರೆ ಗೆರೆ ಎಳೆಯಿರಿ, ಹಬ್ಬದ ದಿನ ಮಕ್ಕಳು ಬಂದು ನೋಡುತ್ತಾರೆ.

ಕೋಲಿನ ಮೇಲೆ ಒಂದು ಮಣಿ ಕೂರಿಸಿ ಅದರ ನೆರಳನ್ನು ಹಿಂಬಾಲಿಸಬೇಕು. ನೆಲಮಟ್ಟದ ಹಲಗೆಯಲ್ಲಿ ವಿಷುವದ ದಿನದ ಜಾಡು ನೇರ ಗೆರೆ, ಉಳಿದ ದಿನಗಳದ್ದು ಬಾಗಿದ ಗೆರೆಗಳು. ಮಣಿ ಹಲಗೆಯಿಂದ ಹತ್ತು ಸೆಂ.ಮೀ. ಎತ್ತರದಲ್ಲಿದ್ದರೆ ಬೆಂಗಳೂರಿನ ಮಧ್ಯಾಹ್ನ ಅದರ ನೆರಳು ಡಿಸೆಂಬರಿನಲ್ಲಿ ಮಣಿಯ ನೇರ ಕೆಳಗಿನ ಬಿಂದುವಿನಿಂದ 7.4 ಸೆಂ.ಮೀ. ಉತ್ತರಕ್ಕೆ, ವಿಷುವದಲ್ಲಿ 2.3 ಉತ್ತರಕ್ಕೆ, ಜೂನ್‌ನಲ್ಲಿ 1.8 ದಕ್ಷಿಣಕ್ಕೆ ಬೀಳುತ್ತದೆ.

ಗವಿ ಗಂಗಾಧರೇಶ್ವರದಲ್ಲಿ ಸಂಕ್ರಾಂತಿಯ ಸಂಜೆ ಮಾತ್ರ ಬಿಸಿಲು ಲಿಂಗದ ಕಡೆ ಹೋಗುವುದು ಹೇಗೆ?

ಕಿಂಡಿಯ ಮೂಲಕ, ನಂದಿಯ ಕೊಂಬುಗಳ ನಡುವಿನಿಂದ ಬಿಸಿಲು ಒಳಗೆ ಬರುವಂತೆ ಅಲ್ಲಿನ ದಿಕ್ಕು ಹೊಂದಿಕೊಂಡಿದೆ. ಜನವರಿ ನಡುವಿನ ಸಂಜೆಯ ಸೂರ್ಯ ಆ ಜಾಡಿಗೆ ಬರುತ್ತಾನೆ. ಆದರೆ ಲೆಕ್ಕದ ಕಣ್ಣಿನಿಂದ ನೋಡಿದರೆ ಒಂದೇ ಕ್ರಾಂತಿ ವರ್ಷಕ್ಕೆ ಎರಡು ಸಲ ಬರುತ್ತದೆ. ದಕ್ಷಿಣಕ್ಕೆ ಹೋಗುವಾಗ ನವೆಂಬರ್ ಕೊನೆಯ ದಿನಗಳಲ್ಲೂ ಸೂರ್ಯ ಇದೇ ಜಾಡಿನಲ್ಲಿ ಮುಳುಗುತ್ತಾನೆ. ಆಗ ಹಬ್ಬವಿಲ್ಲ, ಕ್ಯಾಮೆರಾಗಳೂ ಇಲ್ಲ.

ರಾಹುಕಾಲದ ಗೆರೆ ಹಾಕಿಕೊಡಿ ಎಂದು ನಮ್ಮ ತಂದೆಯವರು ಕೇಳುತ್ತಿದ್ದಾರೆ. ಸಾಧ್ಯವೇ?

ನಂಬಿಕೆಯ ಮಾತು ನಿಮ್ಮ ತಂದೆಯವರಿಗೆ ಬಿಟ್ಟದ್ದು, ಗಣಿತ ಸುಂದರವಾಗಿದೆ. ಹಗಲನ್ನು ಎಂಟು ಪಾಲು ಮಾಡಿ ವಾರಕ್ಕೊಂದು ಪಾಲನ್ನು ಕೊಡುತ್ತಾರೆ, ಸೋಮವಾರಕ್ಕೆ ಎರಡನೆಯದು, ಭಾನುವಾರಕ್ಕೆ ಎಂಟನೆಯದು, ಹೀಗೆ. ಗೋಡೆಯ ಕ್ಯಾಲೆಂಡರಿನ ಒಂದೂವರೆ ಗಂಟೆಯ ಲೆಕ್ಕ ಆರರಿಂದ ಆರರವರೆಗಿನ ಹಗಲಿನದು. ಬೆಂಗಳೂರಿನಲ್ಲಿ ಜೂನ್‌ನ ಉದ್ದದ ಹಗಲು 12 ಗಂಟೆ 53 ನಿಮಿಷ, ಪಾಲಿಗೆ 97 ನಿಮಿಷ. ಡಿಸೆಂಬರಿನಲ್ಲಿ 11 ಗಂಟೆ 21 ನಿಮಿಷ, ಪಾಲಿಗೆ 85. ಇಂಥ ಹಿಗ್ಗಿ ಕುಗ್ಗುವ ಪಾಲುಗಳಿಗೆ ಕೋಲಿನ ನೆರಳು ಸಾಲದು, ಮಣಿಯ ನೆರಳೇ ಬೇಕು. ಪ್ರತಿ ತಿಂಗಳ ಗೆರೆಯ ಮೇಲೆ ಪಾಲಿನ ಬಿಂದುಗಳನ್ನು ಗುರುತಿಸಿ ಒಂದಕ್ಕೊಂದು ಸೇರಿಸುತ್ತಾ ಹೋಗಿ.

ನಾನು ಮೆಲ್ಬರ್ನಿನಲ್ಲಿದ್ದೇನೆ. ಇದೇ ಲೆಕ್ಕ ಇಲ್ಲಿಗೂ ನಡೆಯುತ್ತದೆಯೇ?

ನಡೆಯುತ್ತದೆ. ಅಕ್ಷಾಂಶವನ್ನು −37.8 ಎಂದು ಹಾಕಿ. ಕೋಲು ದಕ್ಷಿಣಕ್ಕೆ ಮುಖ ಮಾಡುತ್ತದೆ, ನೆಲಮಟ್ಟದ ಗಡಿಯಾರದ ಅಂಕಿಗಳು ಎಡಸುತ್ತಾಗುತ್ತವೆ. ಗೆರೆಗಳು ನಮ್ಮಲ್ಲಿನಂತೆ ಒತ್ತೊತ್ತಾಗಿರುವುದಿಲ್ಲ, ಹನ್ನೆರಡಕ್ಕೂ ಒಂದಕ್ಕೂ ನಡುವೆ ಒಂಬತ್ತು ಡಿಗ್ರಿಗೂ ಹೆಚ್ಚು ಸಿಗುತ್ತದೆ. ರೇಖಾಂಶದ ವ್ಯತ್ಯಾಸವನ್ನು 82.5ರ ಬದಲು 150 ಡಿಗ್ರಿಯಿಂದ ಕಳೆಯಿರಿ. ಬೇಸಿಗೆಯಲ್ಲಿ ಅಲ್ಲಿನವರು ಗಡಿಯಾರವನ್ನು ಒಂದು ಗಂಟೆ ಮುಂದೆ ತಿರುಗಿಸುತ್ತಾರಲ್ಲ, ಆ ಗಂಟೆಯನ್ನೂ ಕಳೆಯಬೇಕು.